ಗೇರ್ ಬಾಕ್ಸಿನ ಎಂಟು ದಿನ

ಏನೂ ಕೆಡದ ಒಂದು ಕಾರಿನ ಗೇರ್ ಬಾಕ್ಸ್ ಬಿಚ್ಚಿ ನಾನು ಎಂಟು ದಿನ ನನ್ನ ಶೆಡ್ಡಿನಲ್ಲಿ ಇಟ್ಟುಕೊಂಡೆ. ದುಡ್ಡಿನ ಆಸೆಗಲ್ಲ. ಆ ಕಾರಿನ ಯಜಮಾನರು ದಿನಾ ಬಂದು ನನ್ನ ಹತ್ತಿರ ಕೂರಲಿ ಅಂತ. ಆ ಎಂಟು ದಿನ ಕಳೆದ ಮರುದಿನವೇ ಅವರು ಕಿರವತ್ತಿಯ ಒಂದು ಮದುವೆ ಹಂದರಕ್ಕೆ ಹೋಗಿ, ಅಕ್ಕನ ಮಗಳ ಕೈ ಹಿಡಿದು, ಸೋದರಮಾವನ ಜಾಗದಲ್ಲಿ ನಿಲ್ಲಬೇಕಾಗಿತ್ತು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂತ ಆರು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ, ಸಮಾಧಾನ ಮಾತ್ರ ಆಗಿಲ್ಲ.

ನಾನು ಸಂಗಯ್ಯ. ಬನವಾಸಿ ಕಡೆಯ ಅಯ್ಯನವರ, ಅಂದರೆ ಜಂಗಮರ ಮನೆತನ. ನಮ್ಮಪ್ಪ ಜೋಳಿಗೆ ಹಾಕಿಕೊಂಡು ಭಕ್ತರ ಮನೆಮನೆಗೆ ಹೋಗುತ್ತಿದ್ದ. ಜನ ಅವನ ಪಾದ ತೊಳೆದು, ಮೊದಲು ಅವನಿಗೆ ಉಣಬಡಿಸಿ, ಆಮೇಲೆ ತಾವು ಉಣ್ಣುತ್ತಿದ್ದರು. ನನಗೆ ಅದು ಒಗ್ಗಲಿಲ್ಲ. ಹುಬ್ಬಳ್ಳಿಗೆ ಓಡಿಹೋಗಿ ಒಂದು ಗ್ಯಾರೇಜು ಸೇರಿ, ಜೋಳಿಗೆ ಹಿಡಿಯಬೇಕಾದ ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದೆ. ಆಮೇಲೆ ಶಿರಸಿಗೆ ಬಂದು ಬಸ್ ಸ್ಟ್ಯಾಂಡಿನಿಂದ ಒಂದು ಫರ್ಲಾಂಗು ದೂರದಲ್ಲಿ ತಗಡಿನ ಶೆಡ್ ಹಾಕಿದೆ. ಮದುವೆಯಾದ ಮೂರನೇ ವರ್ಷಕ್ಕೆ ಹೆಂಡತಿ ವಿಷಮಜ್ವರದಲ್ಲಿ ಹೋದಳು. ಮಕ್ಕಳಿರಲಿಲ್ಲ. ಮತ್ತೆ ಮದುವೆಯ ಮಾತು ಬಂದರೂ ಮುಂದೆ ಹೋಗಲಿಲ್ಲ, ಯಾಕೆಂದರೆ ನನ್ನ ಬಾಯಿ ಒಳ್ಳೆಯದಲ್ಲ. ಎಣ್ಣೆ ಹಾಕದೆ ಎಂಜಿನ್ ಸುಟ್ಟುಕೊಂಡು ಬಂದವನಿಗೆ ‘ನಿನ್ನ ತಲೆಗಾದರೂ ಹಾಕಿದ್ದರೆ ಬುದ್ಧಿ ಬರುತ್ತಿತ್ತು’ ಅನ್ನುವ ಬಾಯಿ ಇದು. ಕೆಲಸ ಚೆನ್ನಾಗಿ ಮಾಡುತ್ತೇನೆ ಅಂತ ಲಾರಿಯವರು ಬರುತ್ತಿದ್ದರು, ಬೈಸಿಕೊಂಡು ಗಾಡಿ ತಗೊಂಡು ಹೋಗುತ್ತಿದ್ದರು. ಊಟ ಆಯಿತಾ ಅಂತ ಕೇಳುವವರು ಅವರಲ್ಲಿ ಯಾರೂ ಇರಲಿಲ್ಲ.

ಐವತ್ತೊಂಬತ್ತರ ಬೇಸಿಗೆಯಲ್ಲಿ ಪರಮೇಶ್ವರಪ್ಪನವರು ಬಂದರು. ಬನವಾಸಿಯಲ್ಲಿ ಅಕ್ಕಿ ವ್ಯಾಪಾರ, ವಯಸ್ಸು ಐವತ್ತರ ಆಚೀಚೆ, ಹೆಂಡತಿ ತೀರಿಕೊಂಡು ಬಹಳ ದಿನವಾಗಿತ್ತು. ತಾವು ಕೊಂಡ ಬೇಬಿ ಕಾರನ್ನು ಮುಂದೆ ಒಬ್ಬ ಹಮಾಲನಿಂದ ಎಳೆಸಿ, ಹಿಂದೆ ಇಬ್ಬರಿಂದ ತಳ್ಳಿಸಿಕೊಂಡು ಬಂದಿದ್ದರು. ಹುಬ್ಬಳ್ಳಿಯ ಯಾರೋ ಡಾಕ್ಟರು ಎಂಟು ವರ್ಷ ಓಡಿಸಿ, ಇನ್ನು ಇದರ ಸಹವಾಸ ಸಾಕು ಅಂತ ಎರಡು ಸಾವಿರದ ಇನ್ನೂರಕ್ಕೆ ಮಾರಿದ ಗಾಡಿ. ಎರಡೇ ಬಾಗಿಲು. ನಾಲ್ಕು ಜನ ಕೂತರೆ ಐದನೆಯವನ ಕೊಡೆ ಇಡಲಿಕ್ಕೂ ಜಾಗವಿಲ್ಲ.

ನಾನು ಯಾರ ಪೈಕಿ ಅಂತ ತಿಳಿದ ಕೂಡಲೇ ಅವರು ಬಗ್ಗಿ ನನ್ನ ಕಾಲು ಮುಟ್ಟಿ ಹಣೆಗೆ ಒತ್ತಿಕೊಂಡರು.

“ಏಳ್ರಿ ಸಾವ್ಕಾರ್ರ,” ಅಂದೆ. “ವಿಭೂತಿ ಮ್ಯಾಲೆ ಗ್ರೀಸ್ ಹತ್ತೇತಿ ನೋಡ್ರಿ.”

“ಅಯ್ಯಾರ ಪಾದದ್ದು ಏನ್ ಹತ್ತಿದ್ರೂ ಪ್ರಸಾದನ ಅಲ್ಲೇನ್ರಿ,” ಅಂದು ನಕ್ಕರು. ನನಗೂ ನಗು ಬಂತು. ಆ ಶೆಡ್ಡಿನಲ್ಲಿ ನಾನು ಯಾವಾಗ ನಕ್ಕಿದ್ದೆನೋ ನೆನಪಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಬೇಬಿ ಕಾರು ಇಟ್ಟು ನೋಡು ಅನ್ನುವುದನ್ನು ಬಿಟ್ಟಿದ್ದಾರೆ. ಅವರ ಕಾಲಕ್ಕೆ ಅದು ಇರಲಿಲ್ಲ, ಪುಣ್ಯವಂತರು. ಮೊದಲ ಸಲ ಬಂದದ್ದು ರೇಡಿಯೇಟರ್ ಸೋರುತ್ತಿದ್ದುದಕ್ಕೆ. ಬೆಸುಗೆಗೆ ಮೂರು ರೂಪಾಯಿ. ಹದಿನೈದು ದಿನಕ್ಕೆ ಡೈನಮೋ ಚಾರ್ಜ್ ಕೊಡುವುದು ಬಿಟ್ಟಿತು, ಬ್ಯಾಟರಿಯೂ ಸತ್ತಿತ್ತು. ಎರಡೂ ಸೇರಿ ನೂರರ ಮೇಲೆ. ಆಮೇಲೆ ಎಂಜಿನ್ನಿಗೆ ಪೆಟ್ರೋಲು ಎತ್ತಿಕೊಡುವ ಪಂಪಿನೊಳಗಿನ ಚರ್ಮ ಹರಿಯಿತು. ಅದಕ್ಕೆ ನಾಲ್ಕೇ ರೂಪಾಯಿ, ಆದರೆ ಅಷ್ಟು ದೂರವೂ ಪೆಟ್ರೋಲು ರಸ್ತೆಗೆ ಸುರಿಯುತ್ತ ಬಂದಿದ್ದರು, ಬೀಡಿ ಸೇದುವವನೊಬ್ಬ ಹಿಂದೆ ಬಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಒಮ್ಮೆ ಭತ್ತ ನೋಡಲು ಸಿದ್ದಾಪುರದ ಕಡೆ ಹೋದಾಗ ನಿಲ್ಕುಂದದ ಹತ್ತಿರ ಹಿಂದಿನ ಆಕ್ಸೆಲ್ ಮುರಿಯಿತು. ಬೀರ ಅನ್ನುವವನೊಬ್ಬ ತನ್ನ ಎತ್ತು ಕಟ್ಟಿ ಸಿದ್ದಾಪುರದ ತನಕ ಎಳೆಸಿದ. ಹುಬ್ಬಳ್ಳಿಯ ಗುಜರಿಯಿಂದ ಹಳೇ ಆಕ್ಸೆಲ್ ತರಿಸಿ ಕೂರಿಸುವಷ್ಟರಲ್ಲಿ ಅರವತ್ತು ರೂಪಾಯಿ ಹೋಯಿತು. ಬೀರ ಎತ್ತಿನ ಬಾಡಿಗೆಗಿಂತ ಹೆಚ್ಚಾಗಿ, ಕಾರಿನೊಳಗೆ ಕೂತು ಸ್ಟಿಯರಿಂಗ್ ಹಿಡಿಯುವ ಹಕ್ಕು ಕೇಳಿದನಂತೆ. ಅವನು ಕಾರಿನಲ್ಲಿ, ಸಾವ್ಕಾರರು ಎತ್ತಿನ ಮುಂದೆ ಹಗ್ಗ ಹಿಡಿದುಕೊಂಡು. ಅದನ್ನು ಅವರೇ ನನ್ನ ಶೆಡ್ಡಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತ ಹೇಳಿದರು.

ಹೀಗೆ ಹದಿನೈದು ದಿನಕ್ಕೊಮ್ಮೆ ಅವರು ಬರುವರು. ಲಾರಿಯಿಂದ ತೆಗೆದ ಒಂದು ಹಳೇ ಸೀಟು ಗೋಡೆಗೆ ಆನಿಸಿ ಇಟ್ಟಿದ್ದೆ, ಅದರ ಮೇಲೆ ಕೂರುವರು. ನಾನು ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವುದು, ಅವರು ಮೇಲೆ ಕೂತು ಮಾತಾಡುವುದು. ಅವರ ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ ಕಾಣುತ್ತಿತ್ತು. ಮಧ್ಯಾಹ್ನ ಅವರು ತಂದ ರೊಟ್ಟಿಗಂಟು ಬಿಚ್ಚಿ, ಮೊದಲು ನನಗೆ ಕೊಟ್ಟು ಆಮೇಲೆ ತಾವು ತಿನ್ನುವರು. ಅಯ್ಯಾರು ಉಣ್ಣದೆ ಹೇಗೆ ಉಣ್ಣುವುದು ಅಂತ ಅವರ ನೇಮ. ಅಪ್ಪನಿಗೆ ಸಿಕ್ಕಾಗ ನನಗೆ ನಾಚಿಕೆಯಾಗುತ್ತಿದ್ದ ಮರ್ಯಾದೆ ಅದು. ಈಗ ಅದು ಬೇಕು ಅನ್ನಿಸತೊಡಗಿತು.

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ‘ದೂರ ಹೊಂಟೀರೇನ್ರಿ’ ಅನ್ನಬಹುದು, ಅಷ್ಟೇ. ಅದರಲ್ಲೂ ಜಂಗಮನ ಬಾಯಲ್ಲಿ ಆ ಪ್ರಶ್ನೆ ಬಂದರೆ ಜನ ಗಾಡಿ ತಿರುಗಿಸಿಕೊಂಡು ಮನೆಗೇ ಹೋಗುತ್ತಾರೆ. ಗಾಡಿ ರಿಪೇರಿ ಮಾಡುವವನಿಗೆ ಇಂಥ ದರಿದ್ರ ಪದ್ಧತಿ ಬೇರೆ ಇಲ್ಲ. ಘಟ್ಟ ಇಳಿಯುವ ಗಾಡಿಗೆ ಬ್ರೇಕು ನೋಡಬೇಕು, ಬಯಲಿಗೆ ಹೋಗುವ ಗಾಡಿಗೆ ರೇಡಿಯೇಟರ್ ನೋಡಬೇಕು. ಎಲ್ಲಿಗೆ ಅಂತ ತಿಳಿಯದೆ ಏನು ನೋಡಲಿ? ಆದರೂ ನಾನು ಯಾರನ್ನೂ ಕೇಳಿದವನಲ್ಲ. ಜೋಳಿಗೆ ಬಿಟ್ಟರೂ ಇದನ್ನು ಬಿಡಲಾಗಲಿಲ್ಲ.

ಅರವತ್ತೊಂದನೇ ಇಸವಿಯ ಶುರುವಿನಲ್ಲಿ ನಾನು ಆ ಕಾರಿನ ಮುಂದಿನ ಚಕ್ರದ ಕಿಂಗ್ ಪಿನ್ನು, ಬುಷ್ಷು, ಕ್ಲಚ್ ಪ್ಲೇಟು ಎಲ್ಲ ಬದಲಿಸಿ ಒಂದು ಪೂರ್ತಿ ರಿಪೇರಿ ಮಾಡಿದೆ. ಸಾಮಾನಿಗೇ ತೊಂಬತ್ತು ರೂಪಾಯಿ ಬಿತ್ತು. ಕೆಲಸ ಎಷ್ಟು ಚೆನ್ನಾಗಿ ಆಯಿತು ಅಂದರೆ, ಅವರು ಎರಡೂವರೆ ತಿಂಗಳು ನನ್ನ ಕಡೆ ಬರಲೇ ಇಲ್ಲ. ಮೊದಲು ಹೆಮ್ಮೆಯಾಯಿತು. ಆಮೇಲೆ ಬನವಾಸಿ ರಸ್ತೆಯ ಕಡೆಯಿಂದ ಸಣ್ಣ ಎಂಜಿನ್ನಿನ ಸದ್ದು ಕೇಳಿದಾಗೆಲ್ಲ ಪಾನಾ ಕೆಳಗಿಟ್ಟು ಬಾಗಿಲಿಗೆ ಬರತೊಡಗಿದೆ. ಮಧ್ಯಾಹ್ನ ಖಾನಾವಳಿಗೆ ಹೋದರೆ ಅರ್ಧ ಊಟ ಬಿಟ್ಟು ಎದ್ದು ಬರುತ್ತಿದ್ದೆ. ಸುಮ್ಮನೆ ಲಾರಿಯವರಿಗೆ ಬೈಯುವುದು ಹೆಚ್ಚಾಯಿತು. ಒಬ್ಬ ಡ್ರೈವರು, “ಅಯ್ನೋರೇ, ಎಂಥ ಆಗಿದೆ ನಿಮಗೆ?” ಅಂತ ಕೇಳಿಯೂ ಕೇಳಿದ. ಒಳ್ಳೆಯ ರಿಪೇರಿ ಮಾಡಿದ್ದೇನೆ, ಅದೇ ಆಗಿದೆ ಅಂತ ಅವನಿಗೆ ಹೇಳುವುದು ಹೇಗೆ? ನನಗೆ ಆ ಮನುಷ್ಯ ಬೇಕಾಗಿದ್ದರು. ಇದ್ದ ಮಾತು ಅಷ್ಟು.

ಚೈತ್ರ ಕಳೆದ ಮೇಲೆ ಒಂದು ಶನಿವಾರ ಬಂದರು. ಗಾಡಿ ತೊಳೆದು ಹೊಳೆಯಿಸಿದ್ದರು.

“ಅಯ್ಯಾರ, ಎಲ್ಲಾ ಒಮ್ಮೆ ನೋಡಿಬಿಡ್ರಿ. ಈ ಸಲ ದಾರ್‍ಯಾಗ ನಿಲ್ಲಬಾರದು.”

“ದೂರ ಏನ್ರಿ?”

“ದೂರನ ಅನ್ರಿ. ಇನ್ನೂ ಒಂಬತ್ತು ದಿನ ಐತಿ.” ಸೀಟಿನ ಮೇಲೆ ಕೂರುತ್ತ, “ಇದೊಂದು ಕೆಲಸ ಆತಂದ್ರ ಗಾಡಿ ಮಾರಿಬಿಡ್ತೇನ್ರಿ. ಇದಕ್ಕಂತನ ಕೊಂಡಿದ್ದೆ. ಸಾಕಾತು,” ಅಂದರು.

ನಾನು ಗಾಡಿಯ ಕೆಳಗಿದ್ದೆ. ಎಲ್ಲ ಸರಿಯಾಗಿತ್ತು, ಎಣ್ಣೆ ಬದಲಿಸಿ ಬಿಟ್ಟರೆ ಅದು ಬೊಂಬಾಯಿಗೂ ಹೋಗಿ ಬರುತ್ತಿತ್ತು. ಮಾರುತ್ತಾರಂತೆ. ಕಾರಿಲ್ಲದ ಮೇಲೆ ಅಕ್ಕಿ ಸಾವ್ಕಾರರಿಗೆ ಕಾರು ರಿಪೇರಿಯವನ ಹತ್ತಿರ ಏನು ಕೆಲಸ? ಕೆಳಗೆ ಮಲಗಿದ್ದಲ್ಲಿಂದಲೇ ನನ್ನ ಬಾಯಿ ಹೇಳಿತು: “ಗೇರ್ ಬಾಕ್ಸಿನ ಬೇರಿಂಗ್ ಹೋಗೇತ್ರಿ ಸಾವ್ಕಾರ್ರ. ಹಿಂಗ ಹೋದ್ರ ದಾರ್‍ಯಾಗ ಹಿಡಕೊಂತೈತಿ.”

“ಹೌದೇನ್ರಿ? ಸಪ್ಪಳ ಏನೂ ಬರ್ತಿರ್ಲಿಲ್ಲ.”

“ಸಪ್ಪಳ ಬರೂತನಕಾ ಕಾಯಬಾರದ್ರಿ. ಹುಬ್ಬಳ್ಳಿಂದ ತರಸ್ಬೇಕು. ಮೂವತ್ತು ರೂಪಾಯಿ ಆದೀತು. ನಾಕೈದು ದಿನ ಬಿಡ್ರಿ.”

ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಗ್ಯಾರೇಜಿನಲ್ಲಿ ಕೇಳುತ್ತಿದ್ದರು. ಇವರು ಕೇಳಲಿಲ್ಲ. ಅಯ್ಯಾರು ಹೇಳಿದ ಮೇಲೆ ಮುಗಿಯಿತು, ಜಂಗಮ ಸುಳ್ಳು ಹೇಳುತ್ತಾನೆಯೇ? “ಬಿಚ್ಚ್ರಿ ಹಂಗಾದ್ರ,” ಅಂದರು. ನಾನು ಬಿಚ್ಚಿದೆ.

ಅಲ್ಲಿಂದ ಮುಂದಿನ ದಿನಗಳು ನನ್ನ ಆಯುಷ್ಯದ ಒಳ್ಳೆಯ ದಿನಗಳು ಅಂತ ಹೇಳಿದರೆ ನಾಲಿಗೆ ಸುಡಬೇಕು, ಆದರೆ ನಿಜ. ದಿನಾ ಬೆಳಿಗ್ಗೆ ಬನವಾಸಿ ಬಸ್ಸಿಗೆ ಬಂದು ಇಳಿಯುವರು. ಬೇರಿಂಗ್ ಬಂತೇನ್ರಿ ಅಂತ ಕೇಳುವರು. ಇಲ್ಲ ಅಂದರೆ ಸೀಟಿನ ಮೇಲೆ ಕೂರುವರು. ಹುಲಿ ಮನೆ ಆಟ ಹಾಕುತ್ತಿದ್ದೆವು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಟ್ಟುಗಳೇ ಕುರಿ, ಎರಡು ಬೋಲ್ಟು ಹುಲಿ. ಒಂದು ದಿನ ಮಾವಿನ ಕಾಯಿ ತಂದು ಅವರೇ ನನ್ನ ಸ್ಟೋವಿನ ಮೇಲೆ ಚಿತ್ರಾನ್ನ ಮಾಡಿದರು. ಅವರ ಹೆಂಡತಿಯ ಮಾತು ಬಂತು, ನನ್ನವಳ ಮಾತೂ ಬಂತು. ಇಪ್ಪತ್ತು ವರ್ಷದಲ್ಲಿ ನಾನು ಅವಳ ಹೆಸರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆದರೆ ದಿನ ಹೋದಹಾಗೆ ಅವರು ಆಟದಲ್ಲಿ ತಪ್ಪತೊಡಗಿದರು. ಎದ್ದು ಹೋಗಿ ಬಿಚ್ಚಿಟ್ಟ ಗೇರುಗಳನ್ನು ನೋಡುವರು, ಮುಟ್ಟುವರು, ಮತ್ತೆ ಬಂದು ಕೂರುವರು. “ನಾಳೆ ಆಗ್ತೈತೇನ್ರಿ?” ಅನ್ನುವರು. “ನಾಡಿದ್ದು,” ಅನ್ನುವೆ ನಾನು. ನಾಲ್ಕು ಐದಾಯಿತು, ಐದು ಏಳಾಯಿತು. ಯಾಕೆ ಇಷ್ಟು ಅವಸರ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅವರು ಹೇಳುತ್ತಿದ್ದರು, ಹೇಳಿದರೆ ನಾನು ಗಾಡಿ ಕಟ್ಟಿಕೊಡಬೇಕಾಗುತ್ತಿತ್ತು. ಎಲ್ಲಿಗೆ ಅಂತ ಕೇಳಬಾರದೆಂಬ ಪದ್ಧತಿ ಆ ಎಂಟು ದಿನ ನನಗೆ ಬಹಳ ಅನುಕೂಲವಾಯಿತು.

ಎಂಟನೇ ದಿನ ಭಾನುವಾರ. ಮಧ್ಯಾಹ್ನ ಅವರು ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಇಳಕಲ್ ಸೀರೆ, ಕೆಂಪು ಸೆರಗು.

“ಅಯ್ಯಾರ, ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಹೇಳ್ತೇನ್ರಿ. ನಾಳೆ ಮುಂಜಾನೆ ಒಂಬತ್ತಕ್ಕ ಕಿರವತ್ತ್ಯಾಗ ನಮ್ಮ ಅಕ್ಕನ ಮಗಳ ಲಗ್ನದ ಅಕ್ಷತಾ. ನಾನು ಸೋದರಮಾವ.”

ಅವರ ಅಕ್ಕ ನೀಲಗಂಗವ್ವ. ತಾಯಿ ಇಲ್ಲದ ಮನೆಯಲ್ಲಿ ಇವರನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳ ಗಂಡ ಮಡಿವಾಳಪ್ಪ ಕಟ್ಟಿಗೆ ಗುತ್ತಿಗೆ ಹಿಡಿದು ಕಿರವತ್ತಿಯಲ್ಲಿ ದೊಡ್ಡ ಕುಳ ಆಗಿದ್ದ. ನಾಲ್ಕು ವರ್ಷದ ಹಿಂದೆ ವ್ಯಾಪಾರ ಬಿದ್ದಾಗ ಇವರು ಕೈಗಡ ಕೇಳಲು ಹೋಗಿದ್ದರು. ಹತ್ತು ಜನರ ಮುಂದೆ ಮಡಿವಾಳಪ್ಪ, ‘ಬರಾಕ ಬಸ್ ಚಾರ್ಜ್ ಐತೋ, ಅದನ್ನೂ ನಾನ ಕೊಡ್ಲೋ’ ಅಂದನಂತೆ. ಇವರು ಎದ್ದು ನಿಂತು, ‘ಇನ್ನು ನಿಮ್ಮ ಬಾಗಲಕ್ಕ ಬಂದ್ರ ಸ್ವಂತ ಗಾಡಿಯಾಗ ಬರ್ತೇನಿ, ಇಲ್ಲಾಂದ್ರ ಬರೂದಿಲ್ಲ’ ಅಂತ ಹೇಳಿ ಬಂದುಬಿಟ್ಟರಂತೆ. ಆಮೇಲೆ ಅಕ್ಕ, ತಮ್ಮ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮದುವೆಯ ಕಾಗದದ ಜೊತೆ ಅಕ್ಕ ಯಾರಿಂದಲೋ ಬರೆಸಿದ ಎರಡು ಸಾಲು ಇತ್ತು: ಹುಡುಗಿಯ ಕೈ ಹಿಡಿದು ಹಂದರಕ್ಕೆ ಕರೆತರಬೇಕಾದವನು ನೀನು, ಆ ಜಾಗಕ್ಕೆ ಬೇರೆಯವರನ್ನು ನಿಲ್ಲಿಸಬೇಡ.

ನನ್ನ ಕೈಯಲ್ಲಿದ್ದ ನಟ್ಟು ಕೆಳಗೆ ಬಿತ್ತು. “ಬಸ್ಸಿಗೆ ಹೋಗ್ರಿ ಸಾವ್ಕಾರ್ರ. ಈಗ ಹೊಂಟ್ರ ಸಂಜೀಕ ಮುಟ್ತೀರಿ.”

“ಹತ್ತು ಮಂದ್ಯಾಗ ಆಡಿದ ಮಾತ್ರಿ ಅದು. ಹೆಂಗ್ ಹೋಗ್ಲಿ?”

“ಬಾಡಿಗಿ ಕಾರ್ ತಗೋರಿ.”

“ಸ್ವಂತದ್ದು ಅಂದೇನ್ರಿ.”

ಆಗಲೇ ಕಾಲಿಗೆ ಬಿದ್ದು ನಿಜ ಹೇಳಬೇಕಾಗಿತ್ತು. ಹೇಳಲಿಲ್ಲ. “ಬೇರಿಂಗ್ ಮುಂಜಾನಿ ಬಸ್ಸಿಗೆ ಬಂದೈತ್ರಿ,” ಅಂದೆ. “ಸಂಜೀಕ ಗಾಡಿ ಕಟ್ತೇನಿ.” ಅವರ ಕಣ್ಣು ತುಂಬಿತು. ಮತ್ತೆ ಬಗ್ಗಿ ನನ್ನ ಕಾಲು ಮುಟ್ಟಿದರು. ಅವತ್ತು ನಾನು ಗ್ರೀಸಿನ ತಮಾಷೆ ಮಾಡಲಿಲ್ಲ.

ಮೂರು ಗಂಟೆಯಿಂದ ದೀಪ ಹಚ್ಚುವ ಹೊತ್ತಿನ ತನಕ ಕೆಲಸ ಮಾಡಿದೆ. ಅವರು ಪಕ್ಕದಲ್ಲೇ ಕೂತು ಅಕ್ಕನ ಮಾತು ಆಡುತ್ತಿದ್ದರು: ಅವಳು ಹೇಗೆ ತನ್ನ ಪಾಲಿನ ಬೆಲ್ಲ ಇವರಿಗೆ ಕೊಡುತ್ತಿದ್ದಳು, ಜ್ವರ ಬಂದಾಗ ಹೇಗೆ ಬೆನ್ನ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಳು. ಒಂದೊಂದು ಮಾತಿಗೂ ನನ್ನ ಕೆಲಸದ ಲೆಕ್ಕ ತಪ್ಪುತ್ತಿತ್ತು. ಅವರು ಸುಮ್ಮನಿದ್ದಿದ್ದರೆ ಸಾಕು ಅನ್ನಿಸಿತು. ಎರಡು ವರ್ಷ ಯಾರ ಮಾತಿಗೆ ಕಿವಿ ತೆರೆದು ಕಾಯುತ್ತಿದ್ದೆನೋ ಅವರ ಮಾತು. ಗೇರ್ ಬಾಕ್ಸು ಹತ್ತಿತು, ಅದರಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು ಹತ್ತಿತು. ಪೇಟೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದೆವು, ಚೆನ್ನಾಗಿಯೇ ಓಡಿತು. ಅವರು ಆ ರಾತ್ರಿ ಬನವಾಸಿಗೆ ಹೋಗದೆ ನನ್ನಲ್ಲೇ ಉಳಿದರು.

ಬೆಳಗಿನ ಜಾವ ಹೊರಟೆವು. ನಾನೂ ಬರುತ್ತೇನೆ ಅಂದೆ, ಅವರಿಗೆ ಖುಷಿಯಾಯಿತು. ಅಯ್ಯಾರನ್ನು ಕೂರಿಸಿಕೊಂಡು ಹೋದರೆ ಶುಭ ಅಂದರು. ಹೊಸ ಧೋತರ, ಹೊಸ ಪೇಟ. ಯಲ್ಲಾಪುರ ಮುಟ್ಟಿದಾಗ ಏಳೂವರೆಯೂ ಆಗಿರಲಿಲ್ಲ. ಚಾ ಕುಡಿಯೋಣ ಅಂದೆ, ಬೇಡ ಅಂದರು. ಹುಬ್ಬಳ್ಳಿ ರಸ್ತೆ ಹಿಡಿದು ಐದಾರು ಮೈಲು ಹೋಗಿರಬೇಕು, ಕೆಳಗೆ ಕಬ್ಬಿಣ ಕಲ್ಲಿಗೆ ಬಡಿದ ಸದ್ದು ಬಂತು. ಎಂಜಿನ್ ಓಡುತ್ತಿದೆ, ಚಕ್ರ ತಿರುಗುತ್ತಿಲ್ಲ.

ಇಳಿದು ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ಶಾಫ್ಟಿನ ನಾಲ್ಕು ಬೋಲ್ಟುಗಳ ನಟ್ಟನ್ನು ನಾನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದೆ, ಪಾನಾ ಹಾಕಿ ಬಿಗಿದಿರಲಿಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ಹೊಸಬನೂ ಮಾಡದ ತಪ್ಪು. ನಟ್ಟುಗಳು ಒಂದೊಂದಾಗಿ ಬಿಚ್ಚಿ ರಸ್ತೆಯ ಮೇಲೆ ಬಿದ್ದಿದ್ದವು. ನಾನು ಬಿಚ್ಚದೇ ಇದ್ದಿದ್ದರೆ ಅವು ಇನ್ನೂ ಹತ್ತು ವರ್ಷ ಅಲ್ಲಾಡುತ್ತಿರಲಿಲ್ಲ.

“ಆಗ್ತೈತೇನ್ರಿ?” ಅಂದರು.

“ನಟ್ ಹುಡುಕ್ಬೇಕ್ರಿ. ಹಿಂದ ನಡಕೊಂತ ಹೋಗಿ.”

ಅವರು ಗಡಿಯಾರ ನೋಡಿದರು. ರಸ್ತೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಇಬ್ಬರೂ ಬಗ್ಗಿ ದೂಳಿನಲ್ಲಿ ನಟ್ಟು ಹುಡುಕುತ್ತ ಹಿಂದಕ್ಕೆ ನಡೆದೆವು. ಹೊಸ ಧೋತರದ ಅಂಚು ಕೆಂಪಾಯಿತು. ಒಂದು ನಟ್ಟು ಸಿಕ್ಕಿತು. ಎಂಟೂ ಮುಕ್ಕಾಲಕ್ಕೆ ದಿಮ್ಮಿ ತುಂಬಿದ ಲಾರಿಯೊಂದು ಬಂತು. ಅವರು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದರು. ಸ್ವಂತ ಗಾಡಿ ಇಲ್ಲದೆ ಬರುವುದಿಲ್ಲ ಅಂದಿದ್ದವರು ಸೀರೆಯ ಪೊಟ್ಟಣ ಎದೆಗೆ ಒತ್ತಿಕೊಂಡು ಕ್ಲೀನರಿನ ಪಕ್ಕ ಹತ್ತಿ ಕೂತರು. ನನ್ನ ಕಡೆ ನೋಡಿ, “ನೀವು ಸಾವಕಾಶ ಬರ್ರಿ,” ಅಂದರು.

ಇನ್ನೆರಡು ನಟ್ಟು ಹುಡುಕಿ, ಮೂರೇ ನಟ್ಟಿನ ಮೇಲೆ ಗಾಡಿ ಕಟ್ಟಿಕೊಂಡು ನಾನು ಕಿರವತ್ತಿ ಮುಟ್ಟಿದಾಗ ಹನ್ನೊಂದಾಗಿತ್ತು. ಹಂದರದಲ್ಲಿ ಊಟದ ಪಂಕ್ತಿ ನಡೆದಿತ್ತು. ಪರಮೇಶ್ವರಪ್ಪನವರು ಹಂದರದ ಹೊರಗೆ ಒಂದು ಬೆಂಚಿನ ಮೇಲೆ ಕೂತಿದ್ದರು, ಪೊಟ್ಟಣ ಇನ್ನೂ ತೊಡೆಯ ಮೇಲೇ ಇತ್ತು. ಅವರು ಬಂದಾಗ ಅಕ್ಷತೆ ಬಿದ್ದು ಕಾಲು ಗಂಟೆಯಾಗಿತ್ತಂತೆ. ಮಡಿವಾಳಪ್ಪನ ದೂರದ ಸಂಬಂಧಿಕನೊಬ್ಬ ಸೋದರಮಾವನಾಗಿ ನಿಂತು ಹುಡುಗಿಯ ಕೈ ಹಿಡಿದು ಕರೆತಂದಿದ್ದ. ಆ ಜಾಗದಲ್ಲಿ ಒಮ್ಮೆ ಒಬ್ಬ ನಿಂತ ಮೇಲೆ ಮುಗಿಯಿತು, ಇನ್ನೊಮ್ಮೆ ಕರೆತರುವುದಿಲ್ಲ.

ನಾನು ನೋಡುತ್ತಿದ್ದಂತೆ ನೀಲಗಂಗವ್ವ ಹೊರಗೆ ಬಂದಳು. ಕಾರನ್ನು ನೋಡಿದಳು, ತಮ್ಮನನ್ನು ನೋಡಿದಳು.

“ಕಾರ್ ಯಾರು ಬೇಡಿದ್ರೋ ನಿನ್ನ?” ಅಂದಳು. “ನಿನ್ನೆಯಿಂದ ಎಷ್ಟು ಬಸ್ ಬಂದ್ವು, ಅಷ್ಟಕ್ಕೂ ಎದ್ದು ಹೋಗಿ ನೋಡೇನಿ. ಇವತ್ತು ಮುಂಜಾನಿ ಎಂಟರ ಬಸ್ಸಿಗೂ ಹೋಗಿ ನಿಂತಿದ್ದೆ. ಕಾರಿನ್ಯಾಗ ಬರ್ತಿ ಅಂತ ನನಗ ಒಮ್ಮೇನೂ ಹೊಳೀಲಿಲ್ಲಲ್ಲೋ ತಮ್ಮಾ.”

ಅವರು ಮಕ್ಕಳ ಹಾಗೆ ಅತ್ತರು. ಅವಳು ಪೊಟ್ಟಣ ತಗೊಂಡಳು, ಅವರ ಪೇಟ ಸರಿಮಾಡಿದಳು. “ಅಮಾಸಿಗೆ ಬಾ. ಬಸ್ಸಿನ್ಯಾಗ ಬಾ,” ಅಂದಳು. ಆಮೇಲೆ ನಾನು ಅಯ್ಯನವರು ಅಂತ ತಿಳಿದು ಯಾರೋ ತಂಬಿಗೆ ನೀರು ತಂದರು. ಬೇಡ ಬೇಡ ಅಂದರೂ ಕೇಳದೆ ನೀಲಗಂಗವ್ವ ಬಗ್ಗಿ ನನ್ನ ಕಾಲು ತೊಳೆದಳು. ಜಂಗಮರ ಸಾಲಿನಲ್ಲಿ ಕೂರಿಸಿ ಹೋಳಿಗೆ ಬಡಿಸಿದರು. ಬಡಿಸಿದ್ದನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮರಳಿ ಬರುವಾಗ ನಾನೇ ಓಡಿಸಿದೆ. ಯಲ್ಲಾಪುರ ದಾಟಿದ ಮೇಲೆ ಅವರು ಮೆಲ್ಲಗೆ, “ದೈವ ಇರ್ಲಿಲ್ರಿ, ಹೋಗ್ಲಿ. ಆದ್ರ ನೀವು ಕೈಲಾದಷ್ಟು ಮಾಡಿದ್ರಿ ಅಯ್ಯಾರ. ನಿಮ್ಮ ಉಪಕಾರ ಮರಿಯೂದಿಲ್ಲ,” ಅಂದರು.

ಅದನ್ನು ಮಾತ್ರ ನನಗೆ ಕೇಳಲಾಗಲಿಲ್ಲ. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದೆ. ಎಲ್ಲ ಹೇಳಿದೆ. ಗೇರ್ ಬಾಕ್ಸು, ಬೇರಿಂಗು, ಬಿಗಿಯದ ನಟ್ಟು, ಎಲ್ಲ.

ಅವರು ಮೊದಲು ಕೇಳಿದ್ದು ಇಷ್ಟೇ: “ಗೇರ್ ಬಾಕ್ಸ್ ಚಲೋ ಇತ್ತೇನ್ರಿ?”

“ಚಲೋ ಇತ್ರಿ.”

“ಮತ್ತ್ಯಾಕ್ರಿ?”

“ಗಾಡಿ ಮಾರ್ತೇನಿ ಅಂದ್ರಿ. ಮಾರಿದ ಮ್ಯಾಲೆ ನೀವು ಬರೂದಿಲ್ಲ ಅನಿಸ್ತು.”

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಇದ್ದಿದ್ದರೆ ಒಳ್ಳೆಯದಿತ್ತು. “ಬರ್ರಿ ಅಂತ ಒಂದು ಮಾತು ಅಂದಿದ್ರ ಆಗ್ತಿತ್ತಲ್ರಿ. ನನ್ನ ಮನ್ಯಾಗರ ಯಾರು ಕಾಯಾಕ ಕುಂತಾರ? ಬಸ್ಸಿಗೆ ಬರ್ತಿದ್ದೆ.”

ಶಿರಸಿ ಮುಟ್ಟಿದ ಮೇಲೆ ಅವರು ಬಸ್ ಸ್ಟ್ಯಾಂಡಿನ ಹತ್ತಿರ ಇಳಿದು, “ಗಾಡಿ ನಿಮ್ಮ ಹತ್ರನ ಇರ್ಲಿ ಸಂಗಯ್ಯ, ಗಿರಾಕಿ ಬಂದ್ರ ಮಾರಿಬಿಡ್ರಿ,” ಅಂದರು. ಅಯ್ಯಾರ ಅನ್ನಲಿಲ್ಲ. ಸಿದ್ದಾಪುರದ ಕಂಪೌಂಡರೊಬ್ಬ ಕೊಂಡ, ಹಣ ಮನಿಯಾರ್ಡರ್ ಮಾಡಿದೆ. ಅವರ ಸಹಿಯಿದ್ದ ಚೀಟಿ ತಿರುಗಿ ಬಂತು, ಬೇರೆ ಒಂದಕ್ಷರವೂ ಇರಲಿಲ್ಲ.

ಅಕ್ಕನ ಮಾತನ್ನು ಅವರು ಮೀರಲಿಲ್ಲ. ಅಮಾವಾಸ್ಯೆ ಬಂತೆಂದರೆ ಬನವಾಸಿಯಿಂದ ಬಂದು, ಶಿರಸಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ ಕಿರವತ್ತಿಗೆ ಹೋಗುತ್ತಾರೆ. ಆ ಬಸ್ಸು ಸ್ಟ್ಯಾಂಡಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ನನ್ನ ಶೆಡ್ಡು ಅಲ್ಲಿಂದ ಒಂದು ಫರ್ಲಾಂಗು. ಒಮ್ಮೆಯೂ ಬರಲಿಲ್ಲ. ನಾನೂ ಹೋಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ; ನನಗೆ ಬುದ್ಧಿ ಬಂದು ಕಾಲು ಎದ್ದು ಹೋಗಲು ಆರು ವರ್ಷ ಹಿಡಿಯಿತು.

ಹೋದ ಅಮಾವಾಸ್ಯೆ ಕೈ ತೊಳೆದು, ಅಂಗಿ ಬದಲಿಸಿ, ಸ್ಟ್ಯಾಂಡಿಗೆ ಹೋದೆ. ಅವರು ಕಿಟಕಿಯ ಪಕ್ಕ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕಿಟಕಿಯ ಕೆಳಗೆ ನಿಂತು, “ಸಾವ್ಕಾರ್ರ,” ಅಂದೆ.

ನೋಡಿದರು.

“ಇಳದು ಬರ್ರಿ. ಚಾ ಕುಡದು ಹೋಗ್ರಿ.”

ಅವರ ತುಟಿ ಸ್ವಲ್ಪ ಅಲುಗಿತು. ಆಮೇಲೆ ಕಣ್ಣು ಬೇರೆ ಕಡೆ ಹೊರಳಿಸಿ, “ಬಸ್ ಹೊಂಟೈತ್ರಿ,” ಅಂದರು.

ಡ್ರೈವರು ಎದುರಿನ ಹೋಟೆಲಿನಲ್ಲಿ ಕೂತು ಆಗತಾನೇ ಅವಲಕ್ಕಿ ತರಿಸಿಕೊಂಡಿದ್ದ. ಬಸ್ಸಿನ ಎಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ನಾನು ಅವರ ಮುಖ ನೋಡಿದೆ, ಅವರು ನನ್ನದನ್ನು ನೋಡಲಿಲ್ಲ.

“ಹೌದ್ರಿ, ಹೊಂಟೈತಿ,” ಅಂದೆ. ಶೆಡ್ಡಿಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ಲಾರಿಯ ಕೆಳಗೆ ಹೋಗಿ ಮಲಗಿದೆ. ಬಸ್ಸು ಹೊರಟ ಸದ್ದು ಕೇಳುವಷ್ಟರಲ್ಲಿ ಇನ್ನೂ ಹದಿನೈದು ನಿಮಿಷವಾಗಿತ್ತು.